ಕಳಲಾವಿ ಬೆಳೆಯುವ ಜಾಗ

ಮೋರಖಂಡಿ, ತಾ. ಬಸವಕಲ್ಯಾಣ
೨೨ ಸೆಪ್ಟೆಂಬರ್ ೨೦೨೪

ಅವ್ವ, ನಿನ್ನ ಮನೀಷಾಳ ಜೈಭೀಮ.

ಪತ್ರ ಬಂತೆಂದು ಗಾಬರಿಯಾಗಬೇಡ. ಫೋನಿನಲ್ಲಿ ಮಗುವಿನ ಮಾತು ತೆಗೆದರೆ ಸಾಕು, ನೀನು ಮೊಬೈಲನ್ನು ತಮ್ಮ ಜ್ಞಾನೇಶ್ವರನ ಕೈಗೆ ಕೊಟ್ಟುಬಿಡುತ್ತೀ. ಅವನೋ, ಊಟ ಆಯಿತೇ ಎಂದು ಕೇಳಿ ಸುಮ್ಮನಾಗುತ್ತಾನೆ. ಪತ್ರವನ್ನಾದರೆ ನೀನೇ ಓದಬೇಕು. ಕನ್ನಡಕ ಹಾಕಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕುಳಿತು ಒಬ್ಬಳೇ ಓದು.

ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿಲ್ಲ ಎಂದರೂ ಸುಳ್ಳೇ. ಒಳಗೆ ಏನೂ ಇಲ್ಲ, ಅಷ್ಟೇ. ರೊಟ್ಟಿ ಬಡಿಯುತ್ತೇನೆ, ಬಟ್ಟೆ ಒಗೆಯುತ್ತೇನೆ. ಮೊನ್ನೆ ಬೇಳೆಗೆ ಉಪ್ಪೇ ಹಾಕಿರಲಿಲ್ಲ. ಅತ್ತೆ ಹೇಳುವ ಹೊತ್ತಿಗೆ ನಾನು ಅರ್ಧ ತಟ್ಟೆ ಮುಗಿಸಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ. ಅಳು ಇನ್ನೂ ಬಂದಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ, ನನ್ನ ಮಗಳನ್ನು ಎಲ್ಲಿ ಮಣ್ಣು ಮಾಡಿದರು ಎಂದು ತಿಳಿಯಬೇಕಾಗಿತ್ತು.

ಹೆರಿಗೆಗೆಂದು ತವರೂರು ಹುಡಗಿಗೆ ಬಂದಿದ್ದು, ದಿನ ತುಂಬಿದರೂ ನೋವು ಬರಲಿಲ್ಲವೆಂದು ನೀನು ಒದ್ದಾಡಿದ್ದು, ಏನೇನೋ ತೇಯ್ದು ಹಚ್ಚಿದ್ದು, ಕೊನೆಗೆ ಹುಮನಾಬಾದಿನ ಆಸ್ಪತ್ರೆ ಸೇರಿದ್ದು, ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನಿನ್ನ ಅಳಿಯ ಶೈಲೇಶ ಉಸಿರಿಲ್ಲದೆ ಹುಟ್ಟಿದ ಆ ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ತನ್ನ ಊರಿಗೆ ಒಯ್ದ. ಸಂಜೆಗೆ ಬರೀ ಟವೆಲು ತಂದ. ಎಲ್ಲಿ ಎಂದರೆ ತಲೆ ತಗ್ಗಿಸಿದ. ನೀನೇ ಅವನಿಂದ ಆಣೆ ಹಾಕಿಸಿಕೊಂಡಿದ್ದೆ ಎಂದು ಆಮೇಲೆ ಗೊತ್ತಾಯಿತು. ತಾಯಿಗೆ ಜಾಗ ತೋರಿಸಿದರೆ ದಿನಾ ಹೋಗಿ ಕೂರುತ್ತಾಳೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎನ್ನುವುದು ನಮ್ಮ ಮನೆಯ ಹೆಂಗಸರ ನಂಬಿಕೆ. ಸಿಟ್ಟಾದರೆ ಆಗು, ಬರೆಯುತ್ತೇನೆ. ನೀನು ಹಾಗೆ ಮಾಡಬಾರದಿತ್ತು.

ಆ ಟವೆಲಿಗೆ ಒಂದು ಬಳ್ಳಿಯ ತುಂಡು ಅಂಟಿಕೊಂಡು ಬಂದಿತ್ತಲ್ಲ, ಅದರಲ್ಲೊಂದು ಹೂ ಇತ್ತು. ಎಸಳು ಬುಡಕ್ಕೆ ಹಳದಿ, ತುದಿಗೆ ಕೆಂಪು, ಎಲ್ಲವೂ ಒಲೆಯ ಉರಿಯ ಹಾಗೆ ಮೇಲಕ್ಕೆ ತಿರುಗಿದ್ದವು. ಯಾವ ಹೂ ಇದು ಎಂದು ನಾನು ಕೇಳಿದ್ದಕ್ಕೆ ನೀನು ಗೊತ್ತಿಲ್ಲ ಎಂದೆ. ಮರುಗಳಿಗೆಯೇ ಅದನ್ನು ಕಿತ್ತು ಕಿಟಕಿಯಾಚೆ ಎಸೆದು, "ಅದ್ನ ಮುಟ್ಟಬ್ಯಾಡ, ಕೈ ತೊಳಕೊ" ಎಂದೆ. ಗೊತ್ತಿಲ್ಲದ ಹೂವಿಗೆ ಯಾರಾದರೂ ಕೈ ತೊಳೆಸುತ್ತಾರೇನವ್ವ?

ಒಂದು ಎಲೆ ಮಾತ್ರ ಉಳಿದಿತ್ತು. ಅದರ ತುದಿ ಸುರುಳಿಯಾಗಿ ಟವೆಲಿನ ಎಳೆಯನ್ನು ಹಿಡಿದುಕೊಂಡಿತ್ತು. ನಾನು ಬಿಡಿಸಲಿಲ್ಲ, ಟವೆಲನ್ನು ಒಗೆಯಲೂ ಇಲ್ಲ. ಇಲ್ಲಿಗೆ ಬಂದ ಮೇಲೆ ಪಕ್ಕದ ಮನೆಯ ಅಸ್ಗರಿ ಖಾಲಾಗೆ ತೋರಿಸಿದೆ. ಹೋದ ಮಳೆಗಾಲ ಅವಳ ಆಡು ಈ ಬಳ್ಳಿ ತಿಂದೇ ಸತ್ತಿತ್ತಂತೆ, ಎಲೆಯ ತುದಿ ನೋಡಿಯೇ ಗುರುತು ಹಿಡಿದಳು. "ಕಳಲಾವಿ ಅದ ಬೇಟಿ ಇದು. ಬಯಲಾಗ ಬರೂದಿಲ್ಲ. ಪೊದಿ, ನೆಳ್ಳು ಇದ್ದಲ್ಲೇ ಬರ್ತದ, ಎಲಿ ತುದೀಲೆ ಹಿಡಕೊಂಡು ಏರ್ತದ" ಎಂದಳು. ನಮ್ಮ ಊರಿನ ಸುತ್ತ ಹಳ್ಳದ ಆಚೆಯ ಕಾಡಿನಲ್ಲಿ ಬಿಟ್ಟರೆ ಬೇರೆಲ್ಲೂ ಅವಳು ನೋಡಿಲ್ಲವಂತೆ.

ನಿನ್ನೆ ಕಟ್ಟಿಗೆ ತರುತ್ತೇನೆಂದು ಅತ್ತೆಗೆ ಹೇಳಿ ಹೋದೆ. ಹಳ್ಳದಲ್ಲಿ ಮೊಣಕಾಲುದ್ದ ನೀರಿತ್ತು. ದಾಟಿದರೆ ಪೊದೆ ಪೊದೆಗೂ ಅದೇ ಹೂ, ಇನ್ನೂ ಹಸಿರಾಗಿದ್ದ ಮೊಗ್ಗು, ಪೂರ್ತಿ ಕೆಂಪಾಗಿ ಬಾಡಿದ್ದು, ಎಲ್ಲ ಒಂದೇ ಬಳ್ಳಿಯಲ್ಲಿ. ಪ್ರತಿ ಪೊದೆಯ ಬುಡ ಬಗ್ಗಿ ನೋಡುತ್ತ ಹೋದೆ. ಒಂದು ಮುತ್ತುಗದ ಮರದ ಕೆಳಗೆ ಕಲ್ಲು ಪೇರಿಸಿ, ನರಿ ಕೆದಕದಿರಲೆಂದು ಜಾಲಿ ಮುಳ್ಳು ಹೊದಿಸಿದ್ದರು. ಮುಳ್ಳಿನ ಮೇಲೆ ಬಳ್ಳಿ ಹಬ್ಬಿತ್ತು. ಕಲ್ಲಿನ ಮೇಲೆ ಕರಗಿದ ಮೇಣದಬತ್ತಿ, ಅದರ ಮೇಲೆ ಹೊಸದೊಂದು. ನಿನ್ನ ಅಳಿಯ ಆಣೆ ಮುರಿದಿಲ್ಲ, ಒಬ್ಬನೇ ಹೋಗಿ ಬರುತ್ತಿದ್ದಾನೆ. ನಾನು ಸುಮ್ಮನೆ ಕುಳಿತೆ. ಆಗಲೂ ಅಳು ಬರಲಿಲ್ಲ, ಅವ್ವ. ಕಾಲಿಗೆ ಇರುವೆ ಕಚ್ಚಿದಾಗ ಎದ್ದೆ.

ರಾತ್ರಿ ಊಟಕ್ಕೆ ಕುಳಿತಾಗ ಅವನಿಗೆ ಹೇಳಿದೆ. ಅವನು ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. "ಇನ್ನ ಇಬ್ರೂ ಕೂಡೇ ಹೋಗೂಣ" ಎಂದ.

ನಾನು ಇಲ್ಲಿಗೆ ಮರಳಿದ ಮೇಲೆ ನೀನು ಒಮ್ಮೆಯೂ ಬಂದಿಲ್ಲ. ಕೇಳಿದರೆ ಮೊಣಕಾಲು ನೋವು ಎನ್ನುತ್ತೀ. ಹುಮನಾಬಾದಿನಿಂದ ಕಲ್ಯಾಣಕ್ಕೆ ಬಸ್ಸು ಬೇಕಾದಷ್ಟಿವೆ. ಜ್ಞಾನೇಶ್ವರ ಹತ್ತಿಸಿದರೆ ಇಲ್ಲಿ ಇಳಿಸಿಕೊಳ್ಳಲು ನಾನಿದ್ದೇನೆ.

ನಿನ್ನ ಮಗಳು,
ಮನೀಷಾ

ತಾ.ಕ.: ಮಳೆಗೆ ಮಣ್ಣು ಕೊಚ್ಚಿಹೋಗಿ ಆ ಬಳ್ಳಿಯ ಗಡ್ಡೆ ಹೊರಗೆ ಕಾಣುತ್ತಿತ್ತು. ನೇಗಿಲಿನ ಹಾಗೆ ಬಾಗಿದ ಗಡ್ಡೆ. ನೋವು ಬರಲೆಂದು ನೀನು ಕಲ್ಲಿಗೆ ತೇಯ್ದು ನನ್ನ ಹೊಕ್ಕುಳಿಗೂ ಅಂಗಾಲಿಗೂ ಹಚ್ಚಿದ್ದು ಅದನ್ನೇ, ನೋಡಿದ ಕೂಡಲೇ ಗುರುತು ಸಿಕ್ಕಿತು. ನೀನು ಹೂವನ್ನು ಯಾಕೆ ಎಸೆದೆ, ಇಲ್ಲಿಗೆ ಯಾಕೆ ಬರುತ್ತಿಲ್ಲ ಎಂದು ಆಗ ತಿಳಿಯಿತು. ಅದರಿಂದಲೇ ಹೀಗಾಯಿತೋ ಅಲ್ಲವೋ, ಡಾಕ್ಟರನ್ನು ಕೇಳಬಹುದು. ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನೀನೂ ಕೇಳಬೇಡ. ಗಡ್ಡೆಯ ಮೇಲೆ ಮಣ್ಣು ಎಳೆದು ಬಂದಿದ್ದೇನೆ. ಬೇಗ ಬಾ ಅವ್ವ, ಅಳು ಬಂದಾಗ ನೀನು ಹತ್ತಿರ ಇರಬೇಕು.