ಹಟ್ಟಿಲಕ್ಕವ್ವನ ಹುಲ್ಲು

೧೫ ಅಕ್ಟೋಬರ್ ೧೯೬೨
ಹರಿಹರದ ಶಾಲೆ ಮುಗಿಸಿ ಐದರ ಬಸ್ಸು. ಭಾನುವಳ್ಳಿಯಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಗುಂಡಿಗೆ. ನಮ್ಮದೇ ಹೊಲ, ಕಾಲುವೆ ಏರಿಗೆಂದು ಮಣ್ಣು ತೋಡಿ ಒಯ್ದ ಮೇಲೆ ಉಳಿದದ್ದು ಬರೀ ಗರಸು. ಫಾರೆಸ್ಟ್ ನರ್ಸರಿಯಿಂದ ತಂದ ಹುಲ್ಲಿನ ಬೀಜ ಈ ಸಲವೂ ಮೊಳೆಯಲಿಲ್ಲ. ಚಿಕ್ಕಂದಿನಲ್ಲಿ ಇಲ್ಲಿ ಬೆಳಗಾದರೆ ಹುಲ್ಲಿನೊಳಗಿಂದ ಕೌಜುಗ ಹಕ್ಕಿಯ ಕೂಗು... ಅದು ಮತ್ತೆ ಕೇಳಬೇಕು. ಅಷ್ಟೇ ನನ್ನ ಹಟ.

ನನ್ನ ಅಣ್ಣ ಉಜ್ಜನಪ್ಪನ ಯೋಚನೆಯೇ ಬೇರೆ. ಇಟ್ಟಿಗೆ ಭಟ್ಟಿಗೆ ಜಾಗ ಕೇಳುತ್ತಿದ್ದಾರಂತೆ. "ಬರೋ ಮಳಿಗಾಲ್ದ ತನಕ ನಿಂದು. ಒಂದ್ ಕೌಜುಗ ತೋರ್ಸು, ಗುಂಡಿ ನಿಂಗೇ ಬಿಡ್ತೀನಿ. ಇಲ್ಲಾಂದ್ರೆ ಭಟ್ಟಿಗೆ. ಆಮ್ಯಾಲೆ ಅಳಬ್ಯಾಡ."

ಆಗಲಿ ಎಂದುಬಿಟ್ಟೆ. ಹುಚ್ಚಿ!

೩೦ ಅಕ್ಟೋಬರ್
ದೀಪಾವಳಿ ಮುಗಿಯಿತು. ಅವ್ವನ ಮೇಲೆ ವಿಪರೀತ ಸಿಟ್ಟು. ಹಬ್ಬಕ್ಕೆ ಬಾಗಿಲಲ್ಲಿ ಇಡುವ ಸಗಣಿಯ ಹಟ್ಟಿಲಕ್ಕವ್ವಗಳು—ಅಣ್ಣೆ ಹೂ, ಉತ್ತರಾಣಿ ಕಡ್ಡಿ, ಹುಲ್ಲಿನ ತೆನೆ ಸಿಗಿಸಿದವು—ಎಲ್ಲವನ್ನೂ ಬುಟ್ಟಿಗಟ್ಟಲೆ ನನ್ನ ಗುಂಡಿಯಲ್ಲಿ ಇಟ್ಟು ಬಂದಿದ್ದಾಳೆ. ಓಣಿಯವರದ್ದೂ ಸೇರಿಸಿ!

"ತಿಪ್ಪಿಗೆ ಹಾಕಿದ್ರೆ ತುಳೀತಾರೆ ಕಣವ್ವಾ, ದೇವ್ರು ಅದು. ನಿನ್ ಗುಂಡಿಗೆ ನಾಯಿನೂ ಬರಲ್ಲ."

ನಿಜ. ಅದಕ್ಕೇ ಇನ್ನಷ್ಟು ಉರಿಯಿತು.

೨೧ ಜೂನ್ ೧೯೬೩
ಮಳೆ ಶುರುವಾದ ಮೇಲೆ ಗುಂಡಿ ಕಡೆ ತಲೆ ಹಾಕಿರಲಿಲ್ಲ. ಹೆದರಿಕೆ. ಇವತ್ತು ಹೋದೆ.

ಹಸಿರು! ನಾನು ಬಿತ್ತಿದ ಸಾಲುಗಳಲ್ಲಿ ಅಲ್ಲ, ಅಲ್ಲೊಂದು ಇಲ್ಲೊಂದು—ಲಕ್ಕವ್ವ ಕೂತಲ್ಲೆಲ್ಲ ರೊಟ್ಟಿಯಗಲ ಹಸಿರು. ಸಗಣಿಯಲ್ಲೇ ಬೀಜ ಬೇರು ಬಿಟ್ಟಿದೆ! ಓಡಿ ಬಂದು ಒಲೆ ಮುಂದಿದ್ದ ಅವ್ವನನ್ನು ಅಪ್ಪಿಕೊಂಡೆ. "ಬಿಡೇ, ರೊಟ್ಟಿ ಹೊತ್ತುತ್ತೆ" ಎಂದಳು. ಹೊತ್ತಿದ ರೊಟ್ಟಿಯನ್ನೇ ಖುಷಿಯಿಂದ ತಿಂದೆ.

೧೨ ಆಗಸ್ಟ್
ಹುಲ್ಲು ಮೊಣಕಾಲುದ್ದ. ಮಿಡತೆ, ಚಿಟ್ಟೆ, ಗೆದ್ದಲು. ಸ್ಟಾಫ್ ರೂಮಿನಲ್ಲಿ ಇದೇ ಮಾತಾಡಿ ಎಲ್ಲರ ತಲೆ ತಿಂದೆ. ಕೌಜುಗ ಮಾತ್ರ ಇಲ್ಲ. ತಿಂಗಳ ಕೊನೆಗೆ ಭಟ್ಟಿಯ ಮೈಲಪ್ಪ ಅಳತೆಗೆ ಬರುತ್ತಾನಂತೆ.

೨೩ ಆಗಸ್ಟ್, ಬೆಳಗ್ಗೆ
ಕೂಗಿತು! ಕೂಗಿತು! ಹುಲ್ಲಿನೊಳಗಿಂದಲೇ. ಅಣ್ಣನಿಗೆ ಹೇಳಬೇಕು.

ರಾತ್ರಿ
ಅಣ್ಣ: "ಕೂಗಿದ್ದು ಲೆಕ್ಕಕ್ಕಿಲ್ಲ. ಕಣ್ಣಿಗೆ ಕಾಣ್ಬೇಕು." ಮೊಂಡ!

೩೦ ಆಗಸ್ಟ್, ಬೆಳಗ್ಗೆ
ಮೈಲಪ್ಪ ಬಂದ. ಅಳತೆ ಹಗ್ಗ ಹಿಡಿದು ಅಣ್ಣನೂ ಜೊತೆಗೆ ಹೋದ. ನನಗೆ ಹೋಗಲು ಧೈರ್ಯವಿಲ್ಲ. ಬರೆಯುತ್ತಾ ಕೂತಿದ್ದೇನೆ. ಅವ್ವ ಕಾಫಿ ಇಟ್ಟು ಹೋದಳು, ಕುಡಿಯಲಾಗುತ್ತಿಲ್ಲ...

ಅಂಗಳದಲ್ಲಿ ಅಣ್ಣನ ದನಿ—"ಮೈಲಪ್ಪಾ, ಹಗ್ಗ ಸುತ್ಕೊಳ್ರಿ. ಬೇರೆ ಕಡೆ ನೋಡ್ರಿ."

ಈಗ ನನ್ನ ಕಿಟಕಿಯಲ್ಲಿ ನಿಂತಿದ್ದಾನೆ. ಗುಂಡಿ ಇಲ್ಲಿಂದ ಅರ್ಧ ಮೈಲಿ, ಆದರೂ ಪಿಸುಗುಟ್ಟುತ್ತಿದ್ದಾನೆ: "ಶಾಂತಾ, ಚಪ್ಲಿ ಬಿಟ್ಟು ಬಾ, ಸಪ್ಳ ಮಾಡಬ್ಯಾಡ. ಮೊಟ್ಟಿ ಮ್ಯಾಲೆ ಕೂತೈತೆ, ನಾನು ತುಳಿದೇ ಬಿಡ್ತಿದ್ದೆ..."

ಪೆನ್ನಿನ ಮುಚ್ಚಳ ಎಲ್ಲಿ—