ರಕ್ತಕ್ಕೆ ಇಳಿಯದ ಕಬ್ಬಿಣ

ರಿಪ್ಪನ್‌ಪೇಟೆ
ಸೋಮವಾರ, ೧೧ ಏಪ್ರಿಲ್ ೧೯೮೮

ಚಿ. ಸೌ. ಶರಾವತಿಗೆ ನಿನ್ನ ಅತ್ತೆಯ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ಮುಕ್ಕಾಲು ನಿಜವಾಗುತ್ತದೆ. ನಿನ್ನ ಮಾವ ಕ್ಷೇಮ, ಹಿಟ್ಟಿನ ಗಿರಣಿ ಕ್ಷೇಮ, ನನ್ನ ಬಲ ಮೊಣಕಾಲೂ ಕ್ಷೇಮ. ಉಳಿದ ನಾನು ಅಷ್ಟಕ್ಕಷ್ಟೆ.

ನಿನ್ನ ಕಾಗದ ಬಂದು ಇಂದಿಗೆ ಇಪ್ಪತ್ತಾರು ದಿನ. "ಅತ್ತೆ, ಮೂರು ತಿಂಗಳು ಸಾಗರಕ್ಕೆ ಬಂದು ನಮ್ಮನೇಲಿ ಇರಿ, ನಾನು ನೋಡ್ಕೊಳ್ತೀನಿ" ಎಂದು ಬರೆದಿದ್ದೀಯ. ಬರುತ್ತೇನೆ ಅಥವಾ ಬರುವುದಿಲ್ಲ ಎಂದು ತಿಳಿಸಲು ಒಂದು ಕಾರ್ಡು ಸಾಕಿತ್ತು. ಮೂರು ಕಾರ್ಡು ಬರೆದು ಹರಿದೆ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಮರೆತು ತಡವಾದದ್ದಲ್ಲ.

ಮೊದಲು ನೀನು ಕೇಳಿದ ಸಂಗತಿ. ಜನವರಿ ಹದಿನೆಂಟಕ್ಕೆ ಬೊಂಬಾಯಿಯಲ್ಲಿ ಕಾಲು ಕೊಯ್ದು, ಸವೆದ ಕೀಲು ತೆಗೆದು ಲೋಹದ್ದು ಕೂರಿಸಿದರು. ತಮ್ಮ ಸುಬ್ಬಪ್ಪ ಅಲ್ಲಿನ ಆಸ್ಪತ್ರೆಯ ಕಚೇರಿಯಲ್ಲಿ ಇಲ್ಲದಿದ್ದರೆ ಇಂಥದೊಂದು ಚಿಕಿತ್ಸೆ ಇದೆ ಎಂಬುದೇ ನಮಗೆ ತಿಳಿಯುತ್ತಿರಲಿಲ್ಲ. ಹೊಲಿಗೆ ಒಣಗಿದೆ. ಕಾಲು ತೊಂಬತ್ತು ಡಿಗ್ರಿ ಮಡಚುತ್ತದೆ. ಒಂಬತ್ತು ವರ್ಷ ಕಾಡಿದ ನೋವು ಇಲ್ಲ. ಆದರೆ ನನ್ನ ಮಂಚದಿಂದ ಗಿರಣಿಯ ಬಾಗಿಲಿಗೆ ನಲವತ್ತೆರಡು ಹೆಜ್ಜೆ. ಇಪ್ಪತ್ತಕ್ಕೆ ಎದೆ ಹೊಡೆದುಕೊಳ್ಳುತ್ತದೆ, ಮೂವತ್ತಕ್ಕೆ ಕಣ್ಣು ಮಂಕಾಗುತ್ತದೆ, ಗೋಡೆ ಹಿಡಿದು ನಿಲ್ಲುತ್ತೇನೆ. ಕಾಲು ನಡೆಯಲು ಸಿದ್ಧವಾಗಿದೆ, ಮೈ ಆಗಿಲ್ಲ.

ಆಪರೇಷನ್ನಿನಲ್ಲಿ ರಕ್ತ ಬಹಳ ಹೋಯಿತಂತೆ. ಮೊದಲೇ ಕಡಿಮೆ ಇತ್ತಂತೆ. ಹೆಂಗಸರಿಗೆ ಹಿಮೋಗ್ಲೋಬಿನ್ ಹನ್ನೆರಡು ಇರಬೇಕು, ಬೊಂಬಾಯಿ ಬಿಡುವ ದಿನ ನನಗೆ ಎಂಟು ಇತ್ತು. ದಿನಕ್ಕೆ ಮೂರರಂತೆ ಕಬ್ಬಿಣದ ಗುಳಿಗೆ ಕೊಟ್ಟು ಕಳಿಸಿದರು.

ಕೂತರೆ ಏಳಬೇಕು ಅನಿಸುತ್ತದೆ, ಎದ್ದರೆ ಕೂರಬೇಕು ಅನಿಸುತ್ತದೆ. ಪೇಪರು ಹಿಡಿದರೆ ಒಂದೇ ಸಾಲನ್ನು ನಾಲ್ಕು ಸಲ ಓದುತ್ತೇನೆ. ಗಿರಣಿಯ ಸದ್ದು ಕೇಳಿದರೆ ಮೈ ಉರಿಯುತ್ತದೆ. ಕಲ್ಲನ್ನು ಎಷ್ಟು ಬಿಗಿ ಮಾಡಬೇಕೆಂದು ನಿನ್ನ ಮಾವನಿಗೆ ಇನ್ನೂ ಗೊತ್ತಾಗಿಲ್ಲ. ಅಕ್ಕಿ ಹಿಟ್ಟು ಬೀಳುವಲ್ಲಿ ರವೆ ಬೀಳುತ್ತಿದೆ, ಬಂದವರು ರೊಟ್ಟಿ ಬಿರಿಯುತ್ತದೆ ಎಂದು ದೂರುತ್ತಾರೆ. ಮಲಗಿದಲ್ಲಿಂದಲೇ "ಇನ್ನೊಂದು ಸುತ್ತು ಬಿಗಿ ಮಾಡಿ" ಎಂದು ಕೂಗುತ್ತೇನೆ. ಬೆಲ್ಟಿನ ಸದ್ದಿಗೆ ಅವರಿಗೆ ಕೇಳುವುದಿಲ್ಲ. ಎದ್ದು ಹೋಗೋಣವೆಂದರೆ ಮತ್ತೆ ಅದೇ ಮೂವತ್ತನೇ ಹೆಜ್ಜೆ.

ಕೈ ಸೋತಿತು. ಉಳಿದದ್ದು ನಾಳೆ.

ಮಂಗಳವಾರ

ಗಿರಣಿಗೆ ಬಂದವರೆಲ್ಲ ಡಬ್ಬ ಇಟ್ಟು ಒಳಗೆ ಬಂದು ನನ್ನ ಕಾಲು ನೋಡಿ ಹೋಗುತ್ತಾರೆ. ಗಾಯದ ಗುರುತು ತೋರಿಸಿದರೆ ಅಯ್ಯೋ ಎನ್ನುತ್ತಾರೆ. ಸುಸ್ತು ಎಂದರೆ "ಕಾಲು ಸರಿಯಾಯ್ತಲ್ಲ, ಇನ್ನೇನು" ಎನ್ನುತ್ತಾರೆ. ನಮ್ಮಲ್ಲಿ ಹಿಟ್ಟು ಜರಡಿ ಹಿಡಿಯುವ ಕನ್ನಮ್ಮ ನಿನಗೆ ನೆನಪಿರಬೇಕು. ಅವಳ ಬಾಯಿ ಇನ್ನೂ ಹಾಗೆಯೇ ಇದೆ.

"ಅಮ್ಮ, ಮಂಡಿಗೇ ಅಷ್ಟು ಕಬ್ಬಿಣ ಹಾಕ್ಸ್ಕಂಡು ಬಂದೀರಿ. ಮತ್ತೆ ಕಬ್ಬಿಣದ ಗುಳಿಗೆ ಎಂತಕ್ಕೆ? ತುಕ್ಕು ಹಿಡಿಯಕ್ಕಾ?" ಎಂದಳು.

"ಅದು ಕಾಲಿಗೆ, ಇದು ರಕ್ತಕ್ಕೆ ಕಣೇ" ಎಂದೆ.

"ಹಂಗಾರೆ ಕಾಲಲ್ಲಿ ರಕ್ತ ಓಡಲ್ವಾ? ತಾಗಿ ತಾಗಿ ತಾನೇ ಸೇರ್ಕಂತದೆ ಬಿಡಿ."

ನಿನ್ನ ಮಾವ ಗಿರಣಿಯ ಬಾಗಿಲಲ್ಲಿ ನಿಂತೇ, "ಅದಲ್ಲ ಕನ್ನಮ್ಮ, ಆ ಮಂಡಿನೇ ಇವಳ ರಕ್ತದ ಕಬ್ಬಿಣ ಎಳ್ಕಳ್ತಿದೆ, ಅಯಸ್ಕಾಂತದ ಹಂಗೆ. ಇನ್ನೊಂದು ವರ್ಷಕ್ಕೆ ಗುಜರಿಯವ್ನಿಗೆ ತೂಕ ಹಾಕಬಹುದು" ಎಂದರು. ಡಬ್ಬ ಹಿಡಿದು ಸರದಿಗೆ ಕೂತಿದ್ದ ಮೇಷ್ಟರ ಹೆಂಡತಿ ಮೀನಾಕ್ಷಮ್ಮ ಮಾತ್ರ ನಗಲಿಲ್ಲ. "ಗುಡುಗು ಬಂದಾಗ ಅಂಗಳಕ್ಕೆ ಇಳೀಬೇಡಿ ವರದಮ್ಮ, ಸಿಡಿಲು ಕಬ್ಬಿಣ ಹುಡುಕ್ಕೊಂಡು ಬರ್ತದೆ" ಎಂದು ನಿಜವಾಗಿಯೇ ಎಚ್ಚರಿಸಿ ಹೋದರು.

ನಾನೂ ಎಲ್ಲರ ಜೊತೆ ನಕ್ಕೆ. ನಗುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದೆ. ಗುಳಿಗೆ ನಿಲ್ಲಿಸಿದೆ. ಕಬ್ಬಿಣ ಕಾಲಲ್ಲೇ ಇದೆ ಎಂಬ ಅವರ ಮಾತನ್ನು ನಾನು ನಂಬಿರಲಿಲ್ಲ, ಆದರೆ ಅದು ಒಳ್ಳೆಯ ನೆವವಾಯಿತು. ಬಾಯೆಲ್ಲ ಲೋಹದ ರುಚಿ, ಹೊಟ್ಟೆ ಕಟ್ಟುತ್ತದೆ ಎಂದು ನಿನ್ನ ಮಾವನಿಗೆ ಹೇಳಿದೆ. ಅದೂ ಸುಳ್ಳಲ್ಲ. ಆದರೆ ಅಷ್ಟಕ್ಕೇ ಬಿಡುವವಳು ನಾನಲ್ಲ ಎಂದು ನಿನಗೆ ಗೊತ್ತು. ಒಟ್ಟು ಹತ್ತೊಂಬತ್ತು ದಿನ ನುಂಗಲಿಲ್ಲ. ಅದಕ್ಕೆ ಮೊದಲು ನುಂಗಿದ್ದನ್ನು ಕಾಫಿಯ ಜೊತೆ ನುಂಗಿದ್ದೆ. ಕಾಫಿ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ ಎಂದು ಆಮೇಲೆ ತಿಳಿಯಿತು.

ಇವತ್ತು ಇನ್ನೂ ಬರೆಯಬೇಕು ಎಂದುಕೊಂಡಿದ್ದೆ. ಎರಡು ಸಲ ಎದ್ದು ಅಡುಗೆಮನೆಗೆ ಹೋಗಿ ಬಂದೆ, ಏನಕ್ಕೆ ಹೋದೆ ಎಂದು ಎರಡು ಸಲವೂ ಮರೆತೆ.

ಬುಧವಾರ

ಕಳೆದ ಶನಿವಾರ ಹೊಸನಗರದಲ್ಲಿ ರಕ್ತ ಪರೀಕ್ಷೆಯಾಯಿತು. ಏಳೂಮುಕ್ಕಾಲು. ಏರುವುದಿರಲಿ, ಇಳಿದಿದೆ. ಅಲ್ಲಿಯ ಡಾಕ್ಟರಮ್ಮ ನಿನಗಿಂತ ಚಿಕ್ಕವಳು.

"ಗುಳಿಗೆ ತಗೊಂಡ್ರಾ?" ಎಂದು ಕೇಳಿದಳು.

"ತಗೊಂಡೆ" ಎಂದೆ.

ಚೀಟಿ ನೋಡಿದಳು, ನನ್ನ ಮುಖ ನೋಡಿದಳು. "ನನ್ನ ಹತ್ರ ಸುಳ್ಳು ಹೇಳಿ ಎಂತ ಮಾಡ್ತೀರಮ್ಮ? ಅಂಕಿ ಇಲ್ಲೇ ಇದೆಯಲ್ಲ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಕಾಫಿಗೂ ಗುಳಿಗೆಗೂ ಎರಡು ಗಂಟೆ ಅಂತರ ಇರಲಿ, ನಿಂಬೆ ಶರಬತ್ತಿನ ಜೊತೆ ನುಂಗಿ, ನುಗ್ಗೆಸೊಪ್ಪು, ಹರಿವೆ, ವಾರಕ್ಕೊಮ್ಮೆ ಕುರಿಯ ಲಿವರ್ ತಿನ್ನಿ ಎಂದು ಬರೆದುಕೊಟ್ಟಳು. ಆಮೇಲೆ, "ಕಾಲಿನ ಕೆಲಸ ಮುಗಿದಿದೆ, ರಕ್ತದ್ದು ಶುರುವಾಗಿಲ್ಲ. ಮೂರು ತಿಂಗ್ಳು ಯಾರಾದ್ರೂ ಎದುರು ನಿಂತು ನಿಮಗೆ ನುಂಗಿಸ್ಬೇಕು. ಮನೇಲಿ ಯಾರಿದಾರೆ?" ಎಂದಳು.

ನಿನ್ನ ಮಾವ ನನಗೆ ಬಾಯಿ ಬಿಡಲೂ ಬಿಡಲಿಲ್ಲ. "ಸಾಗರದಲ್ಲಿ ಸೊಸೆ ಇದಾಳೆ. ಅವ್ಳು ಕರೀತಾನೇ ಇದಾಳೆ, ಇವ್ಳೇ ಕಾಲು ಕೀಳ್ತಿಲ್ಲ" ಎಂದರು. ಅವತ್ತೇ ಅಂಚೆ ಕಚೇರಿಯಿಂದ ಮಗ ಧರ್ಮಪ್ಪನ ಕೆ.ಇ.ಬಿ. ಆಫೀಸಿಗೆ ಫೋನ್ ಮಾಡಿದರು. ಹದಿನೇಳನೇ ತಾರೀಕು ಭಾನುವಾರ ಜೀಪು ತರುತ್ತೇನೆ, ಅಮ್ಮ ಬಟ್ಟೆ ಕಟ್ಟಿಕೊಂಡಿರಲಿ ಎಂದು ಅವನು ಹೇಳಿದನಂತೆ. ನನ್ನನ್ನು ಯಾರೂ ಕೇಳಲಿಲ್ಲ. ಆದ್ದರಿಂದ ಭಾನುವಾರದ ಒಳಗೆ ಈ ಕಾಗದ ನಿನ್ನ ಕೈ ಸೇರಬೇಕು.

ಶರಾವತಿ, ಗೋಡೆ ಹಿಡಿದು ನಿಂತಾಗಲೆಲ್ಲ ಎಪ್ಪತ್ತಾರನೇ ಇಸವಿಯಲ್ಲಿ ನೀನು ಗಿರಣಿಯಲ್ಲಿ ನಿಂತಿರುತ್ತಿದ್ದುದು ಕಣ್ಣಿಗೆ ಬರುತ್ತದೆ. ಆಗ ನೀನು ಏಳು ತಿಂಗಳ ಬಸುರಿ. ಎರಡು ಸೇರು ಹಿಟ್ಟು ಜರಡಿ ಹಿಡಿಯುವಷ್ಟರಲ್ಲಿ ಚೀಲದ ಮೇಲೆ ಕೂರುತ್ತಿದ್ದೆ. ತುಟಿ ಬಿಳಿಚಿತ್ತು. ಹಿಟ್ಟು ಹಾರಿ ಹಾಗೆ ಕಾಣುತ್ತದೆ ಎಂದುಕೊಂಡೆ. "ನಮ್ಮ ಸೊಸೆಗೆ ಚೀಲ ಕಂಡ್ರೆ ನಿದ್ದೆ ಬರ್ತದೆ" ಎಂದು ಸರದಿಗೆ ಕೂತವರ ಮುಂದೆ ಹೇಳಿದೆ. ಜನ ನಕ್ಕರು. ನೀನು ಎದ್ದು ಮತ್ತೆ ಜರಡಿ ಹಿಡಿದೆ.

ಆ ಚೊಚ್ಚಲ ಮಗು ಉಳಿಯಲಿಲ್ಲ. ನೀನು ಶಿವಮೊಗ್ಗದ ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಹಾಕಿಸಿಕೊಂಡು ಉಳಿದೆ. ಮರುವರ್ಷ ಧರ್ಮಪ್ಪನಿಗೆ ಸಾಗರಕ್ಕೆ ವರ್ಗವಾಯಿತು, ನೀವು ಹೋದಿರಿ. ಆ ಮಾತನ್ನು ನಾವಿಬ್ಬರೂ ಮತ್ತೆ ಎತ್ತಿಲ್ಲ. ನಿನ್ನದು ಸೋಮಾರಿತನವಾಗಿರಲಿಲ್ಲ ಎಂದು ನನಗೆ ಈಗ ಗೊತ್ತು. ಯಾರೋ ಹೇಳಿದ್ದಲ್ಲ, ಮೈಯಿಂದಲೇ ಗೊತ್ತಾಯಿತು. ಅವತ್ತು ಆಡಿದ್ದಕ್ಕೆ ನಿನ್ನಲ್ಲಿ ಕ್ಷಮೆ ಕೇಳುತ್ತೇನೆ.

ಮಕ್ಕಳಿಬ್ಬರೂ ಪರೀಕ್ಷೆ ಚೆನ್ನಾಗಿ ಬರೆದರೆಂದು ಕೇಳಿ ಸಂತೋಷವಾಯಿತು. ರಜೆಯಲ್ಲಿ ಬಿಸಿಲಿಗೆ ಅಲೆಯಲು ಬಿಡಬೇಡ. ನಿನ್ನ ಮೈಯೂ ಗಟ್ಟಿಯಾಗಿರಲಿ, ಮನೆಯಲ್ಲಿ ಉಂಡದ್ದು ನಿಮಗೆಲ್ಲ ಮೈಗೆ ಹತ್ತಲಿ ಎಂದು ಹರಸುತ್ತೇನೆ.

ನಿನ್ನ ಅತ್ತೆ,
ವರದಮ್ಮ

ತಾ.ಕ.: ಕವರಿಗೆ ಅಂಟು ಹಚ್ಚಿದ್ದೆ, ಬಿಡಿಸಿ ಬರೆಯುತ್ತಿದ್ದೇನೆ. ಮೇಲೆ ಕ್ಷಮೆ ಕೇಳಿದ್ದು ಚಿಕ್ಕದಕ್ಕೆ.

ಆಗ ನಿನಗೂ ಇದೇ ಗುಳಿಗೆ ಬಂದಿತ್ತು. ಇದೇ ಕೆಂಪು ಬಣ್ಣ. ನರ್ಸಮ್ಮ ತಿಂಗಳಿಗೊಂದು ಪೊಟ್ಟಣದಂತೆ ಮೂರು ಸಲ ಗಿರಣಿಯ ಬಾಗಿಲಲ್ಲಿ ನನ್ನ ಕೈಗೆ ಕೊಟ್ಟಳು. ಅವಳ ರಿಜಿಸ್ಟರಿನಲ್ಲಿ ನಿನ್ನ ಹೆಸರಿನ ಮುಂದೆ ಮೂರು ಸಲ ನನ್ನ ಸಹಿ ಇದೆ. ಅದನ್ನು ನುಂಗಿದರೆ ಮಗು ಕಪ್ಪಾಗುತ್ತದೆ, ಹೊಟ್ಟೆಯಲ್ಲೇ ದಪ್ಪ ಬೆಳೆದು ಹೆರಿಗೆ ಕಷ್ಟವಾಗುತ್ತದೆ ಎಂದು ಹಿಟ್ಟಿಗೆ ಬಂದವರು ಹೇಳುತ್ತಿದ್ದರು. ದಿನಾ ಪೇಪರು ಓದುವ ನಾನು ಅದನ್ನು ನಂಬಿದೆ. ಮೂರು ಪೊಟ್ಟಣವನ್ನೂ ಹಿತ್ತಿಲ ಹಾಳು ಬಾವಿಗೆ ಹಾಕಿದೆ. ಬಂದಿದೆ ಎಂದು ನಿನಗೆ ಹೇಳಲೂ ಇಲ್ಲ. ನಾನು ಹತ್ತೊಂಬತ್ತು ದಿನ ಗುಳಿಗೆ ಬಿಟ್ಟದ್ದೂ ಇದಕ್ಕೇ.

ಶಿವಮೊಗ್ಗದಲ್ಲಿ ನಿನಗೆ ರಕ್ತ ಏರಿಸುವಾಗ ಡಾಕ್ಟರು ಹೊರಗೆ ಬಂದು, "ಕಬ್ಬಿಣದ ಗುಳಿಗೆ ಕೊಟ್ಟಿದ್ರಾ?" ಎಂದು ಕೇಳಿದರು. "ಕೊಟ್ಟಿದ್ವಿ, ಅವಳೇ ನುಂಗ್ಲಿಲ್ಲ" ಎಂದೆ. ಧರ್ಮಪ್ಪ ನನ್ನ ಪಕ್ಕದಲ್ಲಿ ನಿಂತಿದ್ದ. ಅವನು ಅದನ್ನು ನಿನಗೆ ಯಾವತ್ತಾದರೂ ಹೇಳಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಹನ್ನೆರಡು ವರ್ಷದಿಂದ ನಂಬಿಕೊಂಡಂತೂ ಇದ್ದಾನೆ.

ಗುಳಿಗೆ ನುಂಗಿದ್ದರೆ ಮಗು ಉಳಿಯುತ್ತಿತ್ತೇ ಎಂದು ಶನಿವಾರ ಡಾಕ್ಟರಮ್ಮನನ್ನು ಕೇಳಿದೆ, ಯಾರ ವಿಷಯ ಎಂದು ಹೇಳದೆ. "ಮಗುವಿಂದು ಹೇಳಕ್ಕಾಗಲ್ಲ. ತಾಯಿ ಅಷ್ಟು ಸೊರಗ್ತಿರಲಿಲ್ಲ" ಎಂದಳು.

ಸಾಗರಕ್ಕೆ ಬಂದರೆ ನೀನು ದಿನಕ್ಕೆ ಮೂರು ಸಲ ಅದೇ ಗುಳಿಗೆಯನ್ನು ನನ್ನ ಕೈಗೆ ಕೊಡುತ್ತೀಯ. ಇದನ್ನು ತಿಳಿಸದೆ ಅದಕ್ಕೆ ಕೈ ಒಡ್ಡಲು ನನ್ನಿಂದ ಆಗುವುದಿಲ್ಲ. ಇಪ್ಪತ್ತಾರು ದಿನ ಉತ್ತರ ಬರೆಯದಿದ್ದುದಕ್ಕೆ ಕಾರಣ ಇಷ್ಟೇ.

ಭಾನುವಾರ ಜೀಪು ಬಂದರೆ ನೀನು ಬಾ ಎಂದ ಹಾಗೆ. ಬರದಿದ್ದರೆ ಅದೂ ನನಗೆ ಅರ್ಥವಾಗುತ್ತದೆ, ನಿನ್ನ ಮಾವನಿಗೆ ಏನು ಹೇಳಬೇಕೋ ನಾನೇ ಹೇಳುತ್ತೇನೆ. ಆದರೆ ಧರ್ಮಪ್ಪನನ್ನು ಕಳಿಸಿದರೂ, ಕಳಿಸದಿದ್ದರೂ, ಈ ಕಾಗದವನ್ನು ಮೊದಲು ಅವನ ಕೈಗೆ ಕೊಡು.