ಧೂಳೇಳದ ಬೆಳಿಗ್ಗೆ

ದಕ್ಷಿಣ ಡಕೋಟಾ,
ಸೆಪ್ಟೆಂಬರ್ ೪

ಜಡ್ಜ್ ಸಾಹೇಬರಿಗೆ, ನಮಸ್ಕಾರ.

ನನ್ನ ಮೊಮ್ಮಗಳು ಬ್ರಿಟಾಳ ಲೈಸೆನ್ಸ್ ವಿಚಾರ ಸೋಮವಾರ ನಿಮ್ಮ ಮುಂದೆ ಬರುತ್ತದೆ. ಅದಕ್ಕೆ ಮೊದಲು ಇದನ್ನು ಓದಿ.

ನಮ್ಮ ರಾಜ್ಯದ ಕಾನೂನು ಒಪ್ಪಿದರೂ, ಹದಿನಾಲ್ಕು ವಯಸ್ಸಿಗೇ ಲೈಸೆನ್ಸ್ ಕೊಟ್ಟಿದ್ದು ತಪ್ಪು ಅಂತ ಊರೆಲ್ಲ ಮಾತು. "ಹಾಲುಹಲ್ಲು ಉದುರದವ್ರ ಕೈಗೆ ಗಾಡಿ ಕೊಟ್ರೆ ಇನ್ನೇನಾಗುತ್ತೆ?" ಎಂದು ಕಾಫಿ ಅಂಗಡಿಯಲ್ಲಿ ನನಗೆ ಕೇಳಲಿ ಅಂತಲೇ ಅಂದರು. ಅವಳಿಗೆ ಕಲಿಸಿದವನು ನಾನು.

ನಮ್ಮದು ಮಣ್ಣಿನ ರಸ್ತೆ. ಆಗಸ್ಟಿನಲ್ಲಿ ಮೆಕ್ಕೆಜೋಳ ಆಳೆತ್ತರ ನಿಂತಿರುತ್ತದೆ. ಅಡ್ಡರಸ್ತೆಯಲ್ಲಿ ಬರುವ ಗಾಡಿ ಕಾಣುವುದಿಲ್ಲ, ಅದು ಎಬ್ಬಿಸುವ ಧೂಳು ಕಾಣುತ್ತದೆ. "ಪೈರಿನ ಮೇಲೆ ನೋಡು ಮರಿ. ಧೂಳಿಲ್ಲ ಅಂದ್ರೆ ಗಾಡಿ ಇಲ್ಲ. ನಿಲ್ಸೋದೇನೂ ಬೇಡ, ಹೋಗ್ತಿರು," ಅಂತ ಹೇಳಿಕೊಟ್ಟಿದ್ದೆ.

ಆ ಬೆಳಿಗ್ಗೆ ಅವಳು ಶಾಲೆಗೆ ಹೊರಟಾಗ ಮಳೆ ಬಂದು ನಿಂತಿತ್ತು. ಅಡ್ಡರಸ್ತೆಯಲ್ಲಿ ಪಕ್ಕದ ಹೊಲದ ಲೊರೀನ್ ತನ್ನ ಗಾಡಿಯಲ್ಲಿ ಬಂದಳು, ನನ್ನ ಜೊತೆ ಶಾಲೆ ಕಲಿತವಳು. ಡಿಕ್ಕಿಯ ಸದ್ದು ಕೇಳಿ ನಾನು ಓಡಿಹೋಗುವಷ್ಟರಲ್ಲಿ ಲೊರೀನಳ ಉಸಿರು ನಿಂತಿತ್ತು. ಬ್ರಿಟಾ ಕೆಸರಲ್ಲಿ ಕೂತು, "ತಾತಾ, ಧೂಳಿರ್ಲಿಲ್ಲ. ಎರಡು ಸಲ ನೋಡ್ದೆ," ಅನ್ನುತ್ತಿದ್ದಳು.

ಅವಳಿಗೆ ವಯಸ್ಸು ಸಾಲದು ಅಂತ ಬೇಕಾದರೆ ಬರೆಯಿರಿ. ಹೇಳಿದ ಮಾತು ಕೇಳದ ಹುಡುಗಿ ಅಂತ ಮಾತ್ರ ಬರೆಯಬೇಡಿ. ನನಗೆ ಎಪ್ಪತ್ತೊಂದು. ಆ ಕೂಡುರಸ್ತೆಯಲ್ಲಿ ನಾನು ಒಂದು ದಿನವೂ ಗಾಡಿ ನಿಲ್ಲಿಸಿದವನಲ್ಲ, ಮಳೆ ಬಂದ ದಿನವೂ.

ನನ್ನ ಲೈಸೆನ್ಸ್ ಈ ಲಕೋಟೆಯಲ್ಲಿದೆ, ಇಟ್ಟುಕೊಳ್ಳಿ. ಶಾಲೆ ಮೂರು ಮೈಲಿ. ಇನ್ನು ಅವಳನ್ನು ನಡೆಸಿಕೊಂಡೇ ಹೋಗುತ್ತೇನೆ. ಆ ಕೂಡುರಸ್ತೆಯಲ್ಲಿ ಇಬ್ಬರೂ ನಿಲ್ಲುತ್ತೇವೆ.

ಇಂತಿ,
ಎಲ್ಡನ್ ಹೋಫರ್